ಹೆಸರಿಲ್ಲದ ಹೂಜಿಗಳ ಕುಂಬಾರ

ಉಡುಗೊರೆಯಾಗಿ ಬಂದ ಪಿಂಗಾಣಿ ಬಟ್ಟಲುಗಳನ್ನು ಗಾಜಿನ ಕಪಾಟಿನಲ್ಲಿರಿಸಿ ಬೀಗ ಹಾಕುವುದು ನಮ್ಮ ಮನೆಗಳ ವಾಡಿಕೆ. ಧರ್ಮಕೇಂದ್ರದ ಗುರುಗಳು ಮನೆಗೆ ಭೇಟಿ ನೀಡಿದ ದಿನವಷ್ಟೇ ಅವು ಹೊರಬರುತ್ತವೆ. ಆದರೆ ನಿತ್ಯವೂ ಉಂಡು, ತೊಳೆದು, ಮರುದಿನ ಮತ್ತೆ ಬಳಸುವ ಪಾತ್ರೆಗಳನ್ನೇ ಕೈಯಾರೆ ತಿಗರಿಯ ಮೇಲೆ ಮಾಡಿ ಜೀವನ ಸಾಗಿಸಲು ಸಾಧ್ಯವೇ? ಕಾರ್ಖಾನೆಯ ತಟ್ಟೆ ಅಗ್ಗಕ್ಕೆ ಸಿಗುವ ಕಾಲದಲ್ಲಿ ಇದನ್ನು ಜೀವನೋಪಾಯವಾಗಿ ಆರಿಸಿಕೊಂಡವರು ಇಂಗ್ಲೆಂಡಿನ ರೇ ಫಿಂಚ್.

ಇವರ ಕಥೆ ಆರಂಭವಾಗುವುದು ಒಂದು ನಿರಾಕರಣೆಯಿಂದ. ಗ್ಲಾಸ್ಟರ್‌ಶೈರ್ ಪ್ರಾಂತದ ವಿಂಚ್‌ಕೂಂಬ್ ಎಂಬಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ ಮುಚ್ಚಿಹೋಗಿದ್ದ ಹಳೆಯ ಕುಂಬಾರಶಾಲೆಯೊಂದನ್ನು ಮೈಕೆಲ್ ಕಾರ್ಡ್ಯೂ 1926ರಲ್ಲಿ ಮತ್ತೆ ತೆರೆದಿದ್ದರು. ಆಕ್ಸ್‌ಫರ್ಡಿನಲ್ಲಿ ಓದಿದ ಕಾರ್ಡ್ಯೂ ಅವರ ಹಂಬಲ, ಸಾಮಾನ್ಯರು ಕೊಳ್ಳಬಲ್ಲ ಬೆಲೆಗೆ ಅಡುಗೆಮನೆಯ ಪಾತ್ರೆಗಳನ್ನು ಮಾಡುವುದಾಗಿತ್ತು. 1935ರಲ್ಲಿ ತರುಣ ಫಿಂಚ್ ಅವರಲ್ಲಿ ಕೆಲಸ ಕೇಳಿ ಬಂದಾಗ, ‘ಮೊದಲು ಏನಾದರೂ ಕಲಿತು ಬಾ’ ಎಂಬ ಉತ್ತರ ದೊರೆಯಿತು. ಬೇರೊಬ್ಬನಾದರೆ ಬೇರೆ ದಾರಿ ನೋಡಿಕೊಳ್ಳುತ್ತಿದ್ದನೇನೋ! ಫಿಂಚ್ ಲಂಡನಿನ ಕಲಾಶಾಲೆಯಲ್ಲಿ ಒಂದು ವರ್ಷ ಕಲಿತು, 1936ರಲ್ಲಿ ಮರಳಿ ಬಂದು ಕೆಲಸಕ್ಕೆ ಸೇರಿದರು.

ಅಲ್ಲಿ ಅವರೊಡನೆ ಇದ್ದವರು ಎಂಥವರು? ಹಳೆಯ ಕಾಲದಿಂದಲೂ ದೊಡ್ಡ ಪಾತ್ರೆಗಳನ್ನು ಎತ್ತುತ್ತಿದ್ದ ಎಲೈಜಾ ಕಂಫರ್ಟ್ ಎಂಬ ಹಿರಿಯರು; 1927ರಲ್ಲಿ ಬಾಲಕನಾಗಿ ಬಂದು ಆ ಹಿರಿಯರಿಗೆ ಚಕ್ರ ತಿರುಗಿಸಿಕೊಡುತ್ತಿದ್ದ ಸಿಡ್ನಿ ಟಸ್ಟಿನ್. ಈ ಸಿಡ್ನಿ 1978ರವರೆಗೆ, ಅಂದರೆ 51 ವರ್ಷ, ಅದೇ ಸೂರಿನಡಿ ದುಡಿದರು.

ಇಲ್ಲಿ ಕೆಲಸದ ಸ್ವರೂಪವನ್ನು ತುಸು ಹೇಳಬೇಕು. ಒಂದು ಚೆಂದದ ಹೂಜಿ ಮಾಡುವುದು ಬೇರೆ. ಅದೇ ಅಳತೆಯ ಐವತ್ತು ಹೂಜಿಗಳನ್ನು ಮಾಡುವುದು ಬೇರೆ. ಮಣ್ಣನ್ನು ತೂಗಿ ಸಮನಾದ ಉಂಡೆಗಳನ್ನು ಕಟ್ಟಬೇಕು. ಒಣಗುವಾಗಲೂ ಸುಡುವಾಗಲೂ ಪಾತ್ರೆ ಕುಗ್ಗುವುದರಿಂದ, ಆ ಲೆಕ್ಕವನ್ನು ಮೊದಲೇ ಹಿಡಿದು ದೊಡ್ಡದಾಗಿ ಎತ್ತಬೇಕು. ಚಹದ ಪಾತ್ರೆಯಂತೂ ಕುಂಬಾರನ ಪರೀಕ್ಷೆಯೇ ಸರಿ: ಮುಚ್ಚಳ ಕೂರಬೇಕು, ಹಿಡಿ ಕೈಗೆ ಒಗ್ಗಬೇಕು, ಮೂತಿಯಿಂದ ತೊಟ್ಟಿಕ್ಕಬಾರದು. ಇಷ್ಟೆಲ್ಲ ಆದ ಮೇಲೂ ಆವಿಗೆಯ ಒಂದು ಕೆಟ್ಟ ಸುಡುವಿಕೆ ವಾರಗಳ ದುಡಿಮೆಯನ್ನು ಚೂರುಮಾಡಬಲ್ಲದು.

1939ರಲ್ಲಿ ಕಾರ್ಡ್ಯೂ ಕಾರ್ನ್‌ವಾಲಿಗೆ ತೆರಳಿದಾಗ ಶಾಲೆಯ ಹೊಣೆ ಫಿಂಚರ ಮೇಲೆ ಬಿತ್ತು. 1946ರಲ್ಲಿ ಅವರೇ ಅದನ್ನು ಕೊಂಡರು. ಆಗ ಅಲ್ಲಿ ಮಾಡುತ್ತಿದ್ದುದು ಕಡಿಮೆ ಶಾಖದಲ್ಲಿ ಸುಟ್ಟ ಕೆಂಪುಮಣ್ಣಿನ ಪಾತ್ರೆಗಳು. ನೋಡಲು ಮನೋಹರವಾದರೂ ಅಂಚು ಬೇಗ ಮುಕ್ಕಾಗುವುದು, ಮಣ್ಣು ನೀರು ಹೀರುವುದು ಅವುಗಳ ದೋಷ. 1950ರ ದಶಕದಲ್ಲಿ ಫಿಂಚ್, ಸುಮಾರು 1,300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಲ್ಲಿನಂತೆ ಗಟ್ಟಿಯಾಗುವ ಸ್ಟೋನ್‌ವೇರ್ ಕಡೆಗೆ ಹೊರಳಿದರು. ಹೆಸರು ತಂದುಕೊಟ್ಟ ವಿದ್ಯೆಯನ್ನು ಬಿಟ್ಟು ಹೊಸ ಮಣ್ಣು, ಹೊಸ ಮೆರುಗು, ಹೊಸ ಆವಿಗೆಯನ್ನು ಕಲಿಯುವುದು ಸಂಸಾರಸ್ಥನಿಗೆ ಸುಲಭದ ತೀರ್ಮಾನವಾಗಿರಲಾರದು. ಅದು ಕೈಕೊಡಲಿಲ್ಲ. 1961ರಲ್ಲಿ ಲಂಡನಿನಲ್ಲಿ ತೆರೆದ ‘ಕ್ರ್ಯಾಂಕ್ಸ್’ ಎಂಬ ಸಸ್ಯಾಹಾರಿ ಹೋಟೆಲಿನ ಊಟದ ಮೇಜುಗಳಿಗೆ ವಿಂಚ್‌ಕೂಂಬ್ ಪಾತ್ರೆಗಳು ಹೋದವು. ಹೋಟೆಲಿನ ತೊಳೆತೊಟ್ಟಿಗಿಂತ ಕಠಿಣವಾದ ಪರೀಕ್ಷೆ ಪಾತ್ರೆಗೆ ಬೇರೆ ಯಾವುದಿದೆ?

1974ರಲ್ಲಿ, ಎಲ್ಲರೂ ಅನಿಲ, ವಿದ್ಯುತ್ತೆನ್ನುತ್ತಿದ್ದಾಗ, ಇವರು ಸೌದೆಯ ಆವಿಗೆ ಕಟ್ಟಿದರು. ಇದು ಹಟವೋ ವಿವೇಕವೋ ಎಂದು ಕೇಳುವವರಿಗೆ, ಬೂದಿ ಮತ್ತು ಜ್ವಾಲೆ ಸೋಕಿದ ಆ ಪಾತ್ರೆಗಳ ಬಣ್ಣವೇ ಉತ್ತರ. 1980ರಲ್ಲಿ ಬ್ರಿಟಿಷ್ ಸರಕಾರದ ಎಂಬಿಇ ಗೌರವವೂ ಬಂದಿತು.

ಇತರ ಕುಂಬಾರರ ಪಾತ್ರೆಗಳು ಕಲಾಗ್ಯಾಲರಿಗಳಲ್ಲಿ ಬೆಲೆಯೇರಿಸಿಕೊಳ್ಳುತ್ತಿದ್ದಾಗಲೂ ಫಿಂಚ್ ಬಳಕೆಯ ಪಾತ್ರೆಯ ದಾರಿ ಬಿಡಲಿಲ್ಲ. ಹೆಂಡತಿ ಮಕ್ಕಳ ದೃಷ್ಟಿಯಿಂದ ಇದು ಜಾಣತನವೇ ಎಂಬ ಪ್ರಶ್ನೆ ನನಗೂ ಬಂದದ್ದುಂಟು. ಆದರೆ 1979ರಲ್ಲಿ ಶಾಲೆಯನ್ನು ವಹಿಸಿಕೊಂಡವರು ಮಗ ಮೈಕ್; ಮನೆಯವರಿಗೆ ಈ ಬದುಕು ಬೇಸರ ತರಿಸಿರಲಿಲ್ಲವೆಂದು ಕಾಣುತ್ತದೆ. ತಂದೆ ಆಮೇಲೂ ತಿಗರಿ ಬಿಡಲಿಲ್ಲ. 2012ರ ಜನವರಿಯಲ್ಲಿ ತೀರಿಕೊಂಡಾಗ ಅವರಿಗೆ 97 ವರ್ಷ.

ಸಿಡ್ನಿ ಟಸ್ಟಿನ್ ಮಾಡಿದ ಪಾತ್ರೆಗಳ ಬುಡದಲ್ಲಿ ಅವರದೇ ಹೆಸರಿನ ಅಕ್ಷರಗಳ ಮುದ್ರೆಯಿದೆ. ಮಾಲೀಕರಾದ ಫಿಂಚ್ ಮಾತ್ರ ತಮ್ಮ ಹೆಚ್ಚಿನ ಪಾತ್ರೆಗಳ ಮೇಲೆ ತಮ್ಮದೇ ಮುದ್ರೆಯನ್ನು ಒತ್ತಲಿಲ್ಲ. ಕುಂಬಾರಶಾಲೆಯ ‘ಡಬ್ಲ್ಯೂಪಿ’ ಅಕ್ಷರಗಳಷ್ಟೇ ಅವರಿಗೂ ಸಾಕಾಗಿದ್ದವು.