‘ನೋ ಶುಗರ್’ ಬಿಸ್ಕತ್ತು, ಅಗಸಿ ಕ್ರ್ಯಾಕರ್ ಮತ್ತು ಅಪ್ಪನ ಮಾತ್ರೆ

ಕಳೆದ ವರ್ಷ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ನನ್ನ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರ ನಡುವೆ ಇದ್ದರೆ ಪ್ರಿಡಯಾಬಿಟಿಸ್, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ನನಗಿನ್ನೂ 29. ಗಾಬರಿಯಾಗಿ ಮಧ್ಯಾಹ್ನದ ಅನ್ನ ಅರ್ಧ ಮಾಡಿದೆ, ಅದೇನೂ ಕಷ್ಟ ಆಗಲಿಲ್ಲ. ಸೋತಿದ್ದು ಸಂಜೆ ನಾಲ್ಕೂವರೆಗೆ. ಟೀ ಬರುತ್ತೆ, ಪಕ್ಕದಲ್ಲೇ ಬಿಸ್ಕತ್ತಿನ ತಟ್ಟೆ, ಕೈ ತಾನಾಗೇ ಹೋಗುತ್ತೆ.

ಈ ಹೊಸ್ತಿಲಲ್ಲಿ ನಾನೊಬ್ಬನೇ ಇಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಡಯಾಬಿಟಿಸ್ ಇದೆ, 13.6 ಕೋಟಿ ಜನ ಪ್ರಿಡಯಾಬಿಟಿಸ್‌ನಲ್ಲಿದ್ದಾರೆ. ಇಷ್ಟು ದೊಡ್ಡ ಗುಂಪನ್ನು ಮಾರುಕಟ್ಟೆ ಸುಮ್ಮನೆ ಬಿಡುತ್ತಾ? ಅಂಗಡಿಯ ತುಂಬ ‘ಡೈಜೆಸ್ಟಿವ್’, ‘ಮಲ್ಟಿಗ್ರೇನ್’, ‘ನೋ ಶುಗರ್’.

ನಾನು ಪ್ಯಾಕೆಟ್ ತಿರುಗಿಸಿ ಓದೋಕೆ ಶುರು ಮಾಡಿದೆ. ಬಳಸಿದ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು ಅನ್ನೋದು ನಿಯಮ. ಯಾವುದು ಮೊದಲಿದೆಯೋ ಅದೇ ಹೆಚ್ಚು. ಎಷ್ಟೋ ರಾಗಿ ಬಿಸ್ಕತ್ತುಗಳಲ್ಲಿ ಮೊದಲು ಬರೋದು ಮೈದಾ ಅಥವಾ ಗೋಧಿ ಹಿಟ್ಟು, ರಾಗಿ ಎಲ್ಲೋ ಹಿಂದೆ ನಿಂತಿರುತ್ತೆ. ಇನ್ನು ‘ನೋ ಶುಗರ್’ ಅಂದರೆ ಸಕ್ಕರೆ ಇಲ್ಲ ಅಷ್ಟೇ, ಪಿಷ್ಟ ಇಲ್ಲ ಅಂತಲ್ಲ. ಹಿಟ್ಟಿನ ಪಿಷ್ಟವೂ ಹೊಟ್ಟೆಗೆ ಹೋದ ಮೇಲೆ ಗ್ಲೂಕೋಸೇ ಆಗೋದು. ಡೈಜೆಸ್ಟಿವ್ ಬಿಸ್ಕತ್ತಿನ 100 ಗ್ರಾಂನಲ್ಲಿ ಸಾಮಾನ್ಯವಾಗಿ 65-70 ಗ್ರಾಂ ಕಾರ್ಬ್ ಇರುತ್ತೆ. ನಾಲ್ಕು ತಿಂದರೆ ಹತ್ತಿರ ಹತ್ತಿರ ಒಂದು ಸಣ್ಣ ಬಟ್ಟಲು ಅನ್ನ ತಿಂದ ಲೆಕ್ಕ. ನಿಪ್ಪಟ್ಟು, ಚಕ್ಕುಲಿ, ಚುರುಮುರಿ ಎಲ್ಲವೂ ಅಕ್ಕಿಯ ಸಂಸಾರವೇ.

ಹಾಗಾದರೆ ನಿಜವಾಗಿ ಕಾರ್ಬ್ ಕಡಿಮೆ ಇರುವ ಕ್ರ್ಯಾಕರ್ ಯಾವುದು? ಧಾನ್ಯದ್ದಲ್ಲ, ಬೀಜದ್ದು. ಅಗಸೆ ಬೀಜದ 100 ಗ್ರಾಂನಲ್ಲಿ ಸುಮಾರು 29 ಗ್ರಾಂ ಕಾರ್ಬ್ ಇದ್ದರೂ ಅದರಲ್ಲಿ 27 ಗ್ರಾಂ ನಾರು. ಅದು ರಕ್ತದ ಸಕ್ಕರೆಯನ್ನು ಏರಿಸಲ್ಲ. ಆನ್‌ಲೈನ್‌ನಲ್ಲಿ ಇಂಥ ಸೀಡ್ ಕ್ರ್ಯಾಕರ್ ಸಿಗುತ್ತೆ, ಆದರೆ ನಾನು ನೋಡಿದ ಅಂಗೈಯಗಲದ ಪ್ಯಾಕೆಟ್ಟಿಗೆ ಇನ್ನೂರು ರೂಪಾಯಿ ಮೇಲೆ. ಅದರಲ್ಲೂ ಕೆಲವಕ್ಕೆ ಓಟ್ಸ್, ಅಕ್ಕಿ ಹಿಟ್ಟು ಸೇರಿಸಿರ್ತಾರೆ. ಕೊನೆಗೆ ಮನೆಯಲ್ಲೇ ಮಾಡಿದೆ. ಒಂದು ಲೋಟ ಅಗಸೆ ಪುಡಿಗೆ ಉಪ್ಪು, ಜೀರಿಗೆ, ಎಳ್ಳು ಹಾಕಿ, ಮೂರನೇ ಒಂದು ಲೋಟ ನೀರಲ್ಲಿ ಕಲಸಿ ಕಾಲು ಗಂಟೆ ಬಿಟ್ಟರೆ ಅದರ ಲೋಳೆಯೇ ಅಂಟಿನ ಕೆಲಸ ಮಾಡುತ್ತೆ. ಎರಡು ಹಾಳೆ ನಡುವೆ ತೆಳ್ಳಗೆ ಲಟ್ಟಿಸಿ, ಸಣ್ಣ ಉರಿಯ ತವಾ ಮೇಲೆ ಗರಿಯಾಗೋವರೆಗೆ ಇಟ್ಟರಾಯ್ತು. ಊರಲ್ಲಿ ಅವ್ವ ಒಂದು ತುಂಡು ಬಾಯಿಗೆ ಹಾಕ್ಕೊಂಡು, “ಅಗಸಿ ಹಿಂಡೀನ ತಟ್ಟಿ ಒಣಗಿಸಿದಂಗ ಐತಲ್ಲೋ” ಅಂದಳು. ಸರಿಯಾಗೇ ಹೇಳಿದಳು.

ಎಡವಟ್ಟಾಗಿದ್ದು ಅಲ್ಲೇ. ಅಪ್ಪನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ದಿನಾ ಗ್ಲಿಮೆಪಿರೈಡ್ ಮಾತ್ರೆ ತಗೋತಾರೆ. ಅವರ ಸಂಜೆ ಚುರುಮುರಿ ಬಿಡಿಸಿ ನನ್ನ ಕ್ರ್ಯಾಕರ್ ಕೊಟ್ಟೆ. ಭಾಷಣ ಬಿಗಿದು ಮಧ್ಯಾಹ್ನದ ರೊಟ್ಟಿಯನ್ನೂ ಒಂದಕ್ಕಿಳಿಸಿದ್ದೆ. ಮೂರನೇ ದಿನ ಸಂಜೆ ಏಳಕ್ಕೆ ಮೈಯೆಲ್ಲ ಬೆವರು, ಕೈ ನಡುಕ. ಗ್ಲೂಕೋಮೀಟರ್ 58 ತೋರಿಸ್ತು. ಸಕ್ಕರೆ ನೀರು ಕುಡಿಸಿ ಕಾಲು ಗಂಟೆ ಕಾದು ಮತ್ತೆ ನೋಡಿದಾಗ ಏರಿತ್ತು. ಆ ಕಾಲು ಗಂಟೆಯಲ್ಲಿ ಅವ್ವ ನನ್ನ ಮುಖ ನೋಡಲಿಲ್ಲ.

ಈ ಗುಂಪಿನ ಮಾತ್ರೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ನೀವು ಕಡಿಮೆ ತಿಂದಿದ್ದೀರಿ ಅಂತ ಅವು ಸುಮ್ಮನಿರಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಮೆಟ್‌ಫಾರ್ಮಿನ್ ಒಂದನ್ನೇ ತಗೊಳ್ಳುವವರಲ್ಲಿ ಹೀಗಾಗೋದು ಅಪರೂಪ. ಡಾಕ್ಟರು ನನ್ನನ್ನು ಬೈದು, ಅಪ್ಪನ ಮಾತ್ರೆಯ ಪ್ರಮಾಣ ಇಳಿಸಿದರು. ಮನೆಯ ಹಿರಿಯರ ತಟ್ಟೆಗೆ ಕೈ ಹಾಕುವ ಮೊದಲು ಅವರ ಮಾತ್ರೆ ಚೀಟಿ ತೋರಿಸಿ ಡಾಕ್ಟರನ್ನು ಕೇಳಿ, ಪ್ಲೀಸ್.

ಇನ್ನು ಮೇಲೆ ಹಾಕ್ಕೊಳ್ಳುವುದರ ಮಾತು. ಹೊಟ್ಟೆ ತುಂಬಿಸೋದು ಕ್ರ್ಯಾಕರ್‌ಗಿಂತ ಹೆಚ್ಚಾಗಿ ಅದರ ಮೇಲಿರೋದು. ಬೇಯಿಸಿದ ಮೊಟ್ಟೆ (ಕಾರ್ಬ್ ಒಂದು ಗ್ರಾಮಿಗಿಂತ ಕಡಿಮೆ, ಪ್ರೋಟೀನ್ ಆರು ಗ್ರಾಂ), ಪನೀರ್, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿಗೆ ಗುರೆಳ್ಳು ಪುಡಿ, ಬೆಲ್ಲ ಹಾಕದ ಶೇಂಗಾ ಹಿಂಡಿ. ಕೆಚಪ್, ಜ್ಯಾಮ್, ಸಿಹಿ ಹಾಕಿದ ಪೀನಟ್ ಬಟರ್ ಬೇಡ. ಕ್ರ್ಯಾಕರ್ ಮಾಡೋಕೆ ಪುರುಸೊತ್ತಿಲ್ಲವಾ? ದಪ್ಪಗೆ ಹೆಚ್ಚಿದ ಸೌತೆಕಾಯಿ ಬಿಲ್ಲೆ ಸಾಕು. ಆಫೀಸಿನಲ್ಲಿ ಈಗ ನನ್ನದು ಅದೇ.

ಆದರೆ ಅಗಸೆ ಲಟ್ಟಿಸುವಷ್ಟು ಸಮಯ ನನಗಿದೆ, ಹತ್ತು ನಿಮಿಷದ ಬ್ರೇಕಿನಲ್ಲಿ ಟೀ-ಬನ್ನು ಮುಗಿಸುವ ಗಾರ್ಮೆಂಟ್ಸ್ ಕೆಲಸಗಾರರಿಗೆ ಎಲ್ಲಿದೆ? ಅವರ ಕೈಗೆ ಸಿಗೋದು ಬೇಕರಿ ತಿಂಡಿ, ಅಗ್ಗದ ಪ್ಯಾಕೆಟ್. 2025ರ ಸೆಪ್ಟೆಂಬರ್‌ನಲ್ಲಿ ಬಿಸ್ಕತ್ತಿನ ಜಿಎಸ್‌ಟಿ 18ರಿಂದ 5 ಪರ್ಸೆಂಟಿಗೆ ಇಳಿಯಿತು. ಬೆಲೆ ಇಳಿದರೆ ಬೇಡ ಅನ್ನೋರು ಯಾರು? ಆದರೆ ಪ್ಯಾಕೆಟ್ಟಿನಲ್ಲಿ ಏನಿದೆ ಅಂತ ಹೇಳುವ ಕೆಲಸ ಮಾತ್ರ ಕುಂಟುತ್ತಾ ಸಾಗಿದೆ. ಮುಂಭಾಗದಲ್ಲಿ ನಕ್ಷತ್ರ ಕೊಡುವ ಕರಡನ್ನು ಎಫ್‌ಎಸ್‌ಎಸ್‌ಎಐ ತಂದಿದ್ದು 2022ರಲ್ಲಿ. ನಕ್ಷತ್ರ ಬೇಡ, ನೇರ ಎಚ್ಚರಿಕೆ ಹಾಕಿ ಅಂತ ಸಾರ್ವಜನಿಕ ಆರೋಗ್ಯದ ಗುಂಪುಗಳು ವಾದಿಸಿದವು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಶಿಫಾರಸಿಗೆ ಮೂರು ತಿಂಗಳ ಗಡುವು ಕೊಡಬೇಕಾಯಿತು. ಎಚ್ಚರಿಕೆಯೇ ಬಂತು ಅಂತಿಟ್ಟುಕೊಳ್ಳಿ: ಚರ್ಚೆಯೆಲ್ಲ ಸಕ್ಕರೆ, ಉಪ್ಪು, ಕೊಬ್ಬಿನ ಸುತ್ತ. ಪಿಷ್ಟವೇ ತುಂಬಿದ ‘ನೋ ಶುಗರ್’ ಬಿಸ್ಕತ್ತು ಸಕ್ಕರೆಯ ಎಚ್ಚರಿಕೆಯಿಂದ ಆರಾಮಾಗಿ ನುಣುಚಿಕೊಳ್ಳುತ್ತೆ. ನಮ್ಮಂಥ ಅನ್ನ-ಮೈದಾ ದೇಶಕ್ಕೆ ಒಟ್ಟು ಕಾರ್ಬ್ ಎಷ್ಟು ಅನ್ನೋದೂ ಮುಂಭಾಗದಲ್ಲಿ, ಕನ್ನಡದಲ್ಲಿ, ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬೇಕು.

ಅಪ್ಪ ಈಗ ಸಂಜೆ ಅರ್ಧ ಖಡಕ್ ರೊಟ್ಟಿಗೆ ಮೊಸರು, ಅಗಸಿ ಹಿಂಡಿ ಹಚ್ಚಿಕೊಂಡು ತಿಂತಾರೆ. ಜೋಳ ಲೋ ಕಾರ್ಬ್ ಅಲ್ಲ, ಗೊತ್ತು. ಡಾಕ್ಟರು ಲೆಕ್ಕ ಹಾಕಿಯೇ ಹೇಳಿದ್ದು. ನನ್ನ ಕ್ರ್ಯಾಕರ್ ಡಬ್ಬಿಯನ್ನು ಅವ್ವ ತೊಳೆದು ವಾಪಸ್ ಕಳಿಸಿದ್ದಾಳೆ, ಒಳಗೆ ಕಾಲು ಕಿಲೋ ಶೇಂಗಾ ಹಿಂಡಿ ತುಂಬಿ.