ನಾಲ್ಕು ದಶಕಗಳ ಅನಂತರ ಬಂದ ಉತ್ತರ

ದಕ್ಷಿಣ ಕೋಲ್ಕತ್ತದ ಭವಾನೀಪುರವು ಇಲ್ಲಿನ ಕನ್ನಡಿಗರಿಗೆ ಅಪರಿಚಿತ ಬಡಾವಣೆಯಲ್ಲ. ಕಾಫಿಪುಡಿ, ಕರಿಬೇವುಗಳಿಗಾಗಿ ಲೇಕ್ ಮಾರ್ಕೆಟ್ಟಿಗೆ ಹೋಗಿಬರುವವರು ಆ ಭಾಗದ ಬೀದಿಗಳನ್ನು ಎಷ್ಟೋ ಸಲ ಹಾದಿರುತ್ತಾರೆ. ಆದರೆ 1930ರಲ್ಲಿ ಅಲ್ಲಿಯ ಮನೆಯೊಂದರಲ್ಲಿ ಮೊಳೆತ ಪ್ರೇಮವು ಎರಡು ಭಾಷೆಗಳಲ್ಲಿ ಎರಡು ಕಾದಂಬರಿಗಳಾಗಿ ಲೋಕವನ್ನು ತಲುಪಿದ ಸಂಗತಿ ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು.

ಆ ಮನೆಯ ಯಜಮಾನರು ಭಾರತೀಯ ತತ್ತ್ವಶಾಸ್ತ್ರದ ಚರಿತ್ರಕಾರರಾದ ಸುರೇಂದ್ರನಾಥ ದಾಸಗುಪ್ತರು. ನಮ್ಮ ಮೈಸೂರಿನ ಹಿರಿಯಣ್ಣನವರ ಸಮಕಾಲೀನರು. ಕಾಸಿಮ್‌ಬಜಾರಿನ ಮಹಾರಾಜರ ವಿದ್ಯಾರ್ಥಿವೇತನದಿಂದ ಅವರಲ್ಲಿ ಅಧ್ಯಯನಕ್ಕೆಂದು 1928ರ ಕೊನೆಯಲ್ಲಿ ರುಮೇನಿಯದ ತರುಣ ಮಿರ್ಚಾ ಎಲಿಯಾಡ ಕಲ್ಕತ್ತೆಗೆ ಬಂದನು. 1930ರ ಆರಂಭದಲ್ಲಿ ಗುರುಗಳ ಮನೆಯಲ್ಲಿಯೇ ವಾಸಕ್ಕೆ ನಿಂತನು. ಅವನಿಗೆ ಇಪ್ಪತ್ತಮೂರು, ಗುರುಗಳ ಮಗಳು ಮೈತ್ರೇಯಿಗೆ ಹದಿನಾರು. ಆಕೆ ಆಗಲೇ ಕವಿ. ಮೊದಲ ಕವನಸಂಕಲನಕ್ಕೆ ರವೀಂದ್ರನಾಥ ಠಾಕೂರರ ಮುನ್ನುಡಿಯ ಭಾಗ್ಯ ಪಡೆದವಳು. ಇಬ್ಬರ ಒಲವು ಹಿರಿಯರಿಗೆ ತಿಳಿದೊಡನೆ, ಅದೇ ಸೆಪ್ಟೆಂಬರಿನಲ್ಲಿ ಅತಿಥಿಯು ಮನೆಬಿಡಬೇಕಾಯಿತು.

ತಾಯ್ನಾಡಿಗೆ ಮರಳಿದ ಎಲಿಯಾಡರು 1933ರಲ್ಲಿ ರುಮೇನಿಯನ್ ಭಾಷೆಯಲ್ಲಿ ಒಂದು ಕಾದಂಬರಿ ಪ್ರಕಟಿಸಿದರು. ಅದರ ಹೆಸರೇ 'ಮೈತ್ರೇಯಿ'. ನಾಯಕನ ಹೆಸರು ಬದಲಾಗಿತ್ತು, ನಾಯಕಿಯ ಹೆಸರು ಬದಲಾಗಿರಲಿಲ್ಲ. 1950ರಲ್ಲಿ ಅದು ಫ್ರೆಂಚಿನಲ್ಲಿಯೂ ಬಂದಿತು. ನಡೆಯದಿದ್ದುದೂ ನಡೆದಂತೆ ಅದರಲ್ಲಿ ಚಿತ್ರಿತವಾಗಿದೆಯೆಂಬುದು ಮೈತ್ರೇಯಿ ದೇವಿಯವರ ಮುಂದಿನ ಆಕ್ಷೇಪ. ಬರೆದವನಿಗೆ ಅದು ಸಾಹಿತ್ಯ. ಹೆಸರಿಗೆ ಒಡತಿಯಾದವಳಿಗೆ ಮಾನದ ಪ್ರಶ್ನೆ.

ಇತ್ತ 1934ರಲ್ಲಿ ಆಕೆಯ ವಿವಾಹ ಡಾಕ್ಟರ್ ಮನಮೋಹನ ಸೇನರೊಂದಿಗೆ ನೆರವೇರಿತು. ಸೇನರು ಡಾರ್ಜಿಲಿಂಗ್ ಬೆಟ್ಟಗಳ ಮಂಗ್‌ಪೂವಿನ ಸರಕಾರಿ ಕ್ವಿನೈನ್ ಕಾರ್ಖಾನೆಯ ಅಧಿಕಾರಿಗಳು. ಮಲೇರಿಯವು ಬಂಗಾಳದ ಹಳ್ಳಿಗಳನ್ನು ಹಿಂಡುತ್ತಿದ್ದ ಕಾಲವದು. ಸಿಂಕೋನಾ ಮರದ ತೊಗಟೆಯಿಂದ ತೆಗೆದ ಕ್ವಿನೈನನ್ನು ಅಂಚೆ ಕಚೇರಿಗಳಲ್ಲಿ ಸಣ್ಣ ಪೊಟ್ಟಣಗಳಾಗಿ ಮಾರುತ್ತಿದ್ದರು. ಅಂತಹ ಔಷಧದ ತಯಾರಿಕೆಯಲ್ಲಿ ನಿರತರಾದ ಪತಿಯ ಮನೆಗೆ 1938ರಿಂದ 1940ರ ಅವಧಿಯಲ್ಲಿ ಠಾಕೂರರು ನಾಲ್ಕು ಬಾರಿ ಬಂದು ತಂಗಿದರು. ಆ ದಿನಗಳ ದಾಖಲೆಯೇ ಆಕೆಯ 'ಮಂಗ್‌ಪುತೇ ರವೀಂದ್ರನಾಥ' ಎಂಬ ಪ್ರಸಿದ್ಧ ಕೃತಿ.

ಸಂಸಾರ, ಮಕ್ಕಳು, ಸಮಾಜಸೇವೆಗಳಲ್ಲಿ ವರ್ಷಗಳು ಉರುಳಿದವು. ತಮ್ಮ ಬಗೆಗೊಂದು ಪುಸ್ತಕವಿದೆಯೆಂದು ಕಿವಿಗೆ ಬಿದ್ದಿದ್ದರೂ, ಅದರಲ್ಲಿ ಏನಿದೆಯೆಂಬುದು ಆಕೆಗೆ ಸ್ಪಷ್ಟವಾದುದು 1972ರಲ್ಲಿ, ಕಲ್ಕತ್ತೆಗೆ ಬಂದ ರುಮೇನಿಯದ ವಿದ್ವಾಂಸರೊಬ್ಬರಿಂದ. ಮರುವರ್ಷ ಠಾಕೂರರನ್ನು ಕುರಿತ ಉಪನ್ಯಾಸಗಳಿಗಾಗಿ ಅಮೆರಿಕಕ್ಕೆ ಹೋದಾಗ, ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಲಿಯಾಡರನ್ನು ಕಂಡರು. ಹದಿನಾರರಲ್ಲಿ ಬಾಗಿಲವರೆಗೆ ಹೋಗಿ ಬೀಳ್ಕೊಡುವ ಸ್ವಾತಂತ್ರ್ಯವಿಲ್ಲದಿದ್ದ ಹುಡುಗಿ, ಅರವತ್ತರ ಹೊಸ್ತಿಲಲ್ಲಿ ಸಾಗರ ದಾಟಿ ನೇರವಾಗಿ ಉತ್ತರ ಕೇಳಿದರು. ಕಾಲ ಬದಲಾಗುವುದೆಂದರೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ?

1974ರಲ್ಲಿ ಬಂಗಾಳಿಯಲ್ಲಿ ಪ್ರಕಟವಾದ 'ನ ಹನ್ಯತೇ' ಆಕೆಯ ಉತ್ತರ. ಭಗವದ್ಗೀತೆಯ ನುಡಿಯನ್ನು ಹೆಸರಾಗಿ ಪಡೆದ ಈ ಆತ್ಮಕಥನಾತ್ಮಕ ಕಾದಂಬರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಇದರಲ್ಲಿ ಮನಸ್ಸನ್ನು ತಟ್ಟುವುದು ಮೊದಲ ಪ್ರೇಮದ ನೆನಪು ಮಾತ್ರವಲ್ಲ. ಪತ್ನಿಯ ಹಳೆಯ ನೋವನ್ನು ತಿಳಿದೂ ಕಹಿಯಾಗದೆ, ಆಕೆಯ ಪಯಣಕ್ಕೆ ಅಡ್ಡಿಬಾರದ ಪತಿಯ ಪಾತ್ರವೂ ಅಷ್ಟೇ ದೊಡ್ಡದು. ಕೆಲವು ದಿನ ಉರಿದು ನೆನಪಾದುದು ಒಂದು ಒಲವಾದರೆ, ದಿನದಿನವೂ ಸದ್ದಿಲ್ಲದೆ ಜೊತೆನಡೆದುದು ಇನ್ನೊಂದು. ಮೊದಲನೆಯದನ್ನು ಮರೆಮಾಚಿದ್ದರೆ ಎರಡನೆಯದರ ಹಿರಿಮೆ ಲೋಕಕ್ಕೆ ತಿಳಿಯುತ್ತಲೇ ಇರಲಿಲ್ಲ.

ತಾವು ಬದುಕಿರುವವರೆಗೆ ಆ ಕಾದಂಬರಿ ಇಂಗ್ಲಿಷಿನಲ್ಲಿ ಬರಬಾರದೆಂದು ಮೈತ್ರೇಯಿ ದೇವಿಯವರು ಎಲಿಯಾಡರಿಂದ ಮಾತು ಪಡೆದಿದ್ದರು. ಎಲಿಯಾಡರು 1986ರಲ್ಲಿ ನಿಧನರಾದರು. ಇಬ್ಬರೂ ಇಲ್ಲವಾದ ಮೇಲೆ, 1994ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಮುದ್ರಣಾಲಯವು ಎರಡೂ ಕೃತಿಗಳನ್ನು ಇಂಗ್ಲಿಷಿನಲ್ಲಿ ಒಟ್ಟಿಗೆ ಹೊರತಂದಿತು. ಜಮಾ ಮತ್ತು ಖರ್ಚಿನ ಎರಡು ಕಲಮುಗಳನ್ನೂ ನೋಡದೆ ಲೆಕ್ಕ ತಾಳೆಯಾಗದು. ಹಾಗೆಯೇ ಒಂದೇ ಪುಸ್ತಕವನ್ನು ಓದಿ ಈ ಕಥೆಯ ನ್ಯಾಯವನ್ನು ಹೇಳಲಾಗದು.

ನಮ್ಮ ಮನೆಗಳಲ್ಲಿಯೂ ಎಳೆಯ ಪ್ರಾಯದಲ್ಲಿ ಮದುವೆಯಾಗಿ, ಭಾಷೆ ತಿಳಿಯದ ಈ ನಗರಕ್ಕೆ ಬಂದು ಬಾಳನ್ನು ಕಟ್ಟಿದ ಅಜ್ಜಿಯರಿದ್ದಾರೆ. ಅವರ ಬದುಕಿನ ಕಥೆಯನ್ನು ಬಹುಪಾಲು ಬೇರೆಯವರೇ ಹೇಳುತ್ತ ಬಂದಿದ್ದಾರೆ. ಅವರಿಗೆ ಹೇಳುವ ಮನಸ್ಸಿದ್ದರೆ ಕೇಳುವ ವ್ಯವಧಾನ ನಮಗಿರಲಿ. ಎಲ್ಲರಿಗೂ ನಲವತ್ತು ವರ್ಷ ಕಾಯುವಷ್ಟು ಆಯುಷ್ಯ ಇರುವುದಿಲ್ಲ.