ಮಾಂಸ ಮೆತ್ತಗಾಗಲಿ, ಹೊಟ್ಟೆ ಕೆಡದಿರಲಿ

ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಹುನ್ನೂರಿನ ನನ್ನ ದವಾಖಾನೆಗೆ ಒಂದೇ ಮನೆಯ ನಾಲ್ವರು ಬಂದರು. ಎಲ್ಲರಿಗೂ ಹೊಟ್ಟೆ ಮುರಿತ, ನೀರಿನಂಥ ಭೇದಿ. ವಾಂತಿ ಇರಲಿಲ್ಲ, ಜ್ವರವೂ ಇರಲಿಲ್ಲ. ಹಿಂದಿನ ರಾತ್ರಿ ಏನು ಉಂಡಿರಿ ಎಂದು ಕೇಳಿದೆ. ಮನೆಯ ಹಿರಿಯಾಕೆ ನಡೆದದ್ದನ್ನೆಲ್ಲ ಹೇಳಿದರು.

ದುಬೈಯಲ್ಲಿರುವ ಮಗ ಕರೆಂಟಿನ ಸ್ಲೋ ಕುಕ್ಕರ್ ತಂದುಕೊಟ್ಟಿದ್ದ. ಮನೆಯ ಯಜಮಾನರಿಗೆ ಹಲ್ಲಿಲ್ಲ, ಅವರಿಗೂ ತಿನ್ನಲು ಬರುವಷ್ಟು ಮಾಂಸ ಮೆತ್ತಗಾಗಲಿ ಎಂಬ ಆಸೆ. ಬೆಳಿಗ್ಗೆ ಕುರಿ ಮಾಂಸ ಹಾಕಿ, ಗುಂಡಿ ಒತ್ತಿ, ಎಲ್ಲರೂ ಜಮಖಂಡಿಗೆ ಮದುವೆಗೆ ಹೋದರು. ಸಂಜೆ ಮರಳಿದಾಗ ಕುಕ್ಕರಿನ ದೀಪ ಆರಿತ್ತು, ಪಾತ್ರೆ ಉಗುರು ಬೆಚ್ಚಗಿತ್ತು. ನಡುವೆ ಕರೆಂಟು ಹೋಗಿ ಬಂದಿತ್ತು, ಕುಕ್ಕರ್ ಮಾತ್ರ ತಾನಾಗಿ ಮತ್ತೆ ಶುರುವಾಗಿರಲಿಲ್ಲ. ಮಾಂಸವಂತೂ ಎಲುಬು ಬಿಟ್ಟಿತ್ತು. ಗ್ಯಾಸಿನ ಮೇಲೆ ತುಸು ಬೆಚ್ಚಗೆ ಮಾಡಿ ರೊಟ್ಟಿಯೊಡನೆ ಉಂಡರು. ಮೂವರು ಎರಡು ದಿನಗಳಲ್ಲಿ ಚೇತರಿಸಿಕೊಂಡರು. ಯಜಮಾನರಿಗೆ ಮಾತ್ರ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಬೇಕಾಯಿತು.

“ಚೆಲ್ಲಾಕ ಮನಸ್ಸ ಬರಲಿಲ್ರಿ ಡಾಕ್ಟರ್ ಸಾಹೇಬ್ರ. ಉಣ್ಣೂದು ಚೆಲ್ಲಿದ್ರ ಗುನ್ಹಾ ಅಲ್ಲೇನ್ರಿ?” ಎಂದು ಆ ಖಾಲಾ ಕೇಳಿದರು. ಅವರ ಪ್ರಶ್ನೆ ನಮ್ಮೆಲ್ಲರ ಮನೆಯದು. ಮಾಂಸ ಮೆತ್ತಗಾಗುವುದು ಹೇಗೆ, ಕೆಡುವುದು ಹೇಗೆ ಎಂದು ತಿಳಿದುಕೊಂಡರೆ ಚೆಲ್ಲುವ ಪ್ರಸಂಗವೇ ಅಪರೂಪವಾಗುತ್ತದೆ.

ಗಟ್ಟಿ ಮಾಂಸದ ಗುಟ್ಟು

ಪ್ರಾಣಿ ಹೆಚ್ಚು ದುಡಿಸುವ ಭಾಗಗಳೆಂದರೆ ದಸ್ತ, ಗರ್ದನ್, ನಲ್ಲಿ. ನಮ್ಮ ಬಾಗಲಕೋಟೆ ಭಾಗದ ಕುರಿಗಳು ದಿನವೆಲ್ಲ ಅಡ್ಡಾಡಿ ಮೇಯುವಂಥವು, ಹಾಗಾಗಿ ಈ ಭಾಗಗಳು ಇನ್ನೂ ಗಟ್ಟಿ. ಇವುಗಳಲ್ಲಿ ಮಾಂಸದ ಎಳೆಗಳನ್ನು ಕಟ್ಟಿ ಹಿಡಿಯುವ ಕೊಲಾಜೆನ್ ಎಂಬ ಬಿಳಿ ನಾರು ಹೆಚ್ಚಿರುತ್ತದೆ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನೀರಿನ ಅಂಶದಲ್ಲಿ ಈ ನಾರು ನಿಧಾನವಾಗಿ ಕರಗಿ ಜಿಲೆಟಿನ್ ಆಗುತ್ತದೆ. ಪಾಯಾ ಸಾರು ಆರಿದಾಗ ಹೆಪ್ಪುಗಟ್ಟುವುದೂ, ತಿನ್ನುವಾಗ ತುಟಿಗೆ ಅಂಟುವುದೂ ಇದರಿಂದಲೇ.

ನಾರು ಕರಗಲು ಗಂಟೆಗಳೇ ಬೇಕು. ಉರಿ ಜೋರು ಮಾಡಿದರೆ ಮಾಂಸದ ಎಳೆಗಳು ಬಿಗಿದು ತಮ್ಮ ರಸವನ್ನು ಹಿಂಡಿಬಿಡುತ್ತವೆ, ನಾರು ಮಾತ್ರ ಹಾಗೇ ಉಳಿದಿರುತ್ತದೆ. ಅರ್ಧ ಗಂಟೆ ಕುದಿಸಿದ ಮಾಂಸ ರಬ್ಬರಿನಂತಾಗುವುದು ಇದಕ್ಕೇ. ಪ್ರೆಶರ್ ಕುಕ್ಕರಿನಲ್ಲಿ ಬಿಸಿ 120 ಡಿಗ್ರಿಯ ಹತ್ತಿರ ಹೋಗುವುದರಿಂದ ಇದೇ ಕೆಲಸ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಅದರಲ್ಲಿ ದೋಷವೇನೂ ಇಲ್ಲ. ದೊಡ್ಡ ತುಂಡನ್ನು ಒಡೆಯದಂತೆ, ರಸಭರಿತವಾಗಿ ಬೇಯಿಸಬೇಕಾದರೆ ಮಾತ್ರ ಮಂದ ಉರಿಯೇ ಮೇಲು.

ಹಿಂದಿನವರಿಗೆ ಇದು ಹೊಸದೇನಲ್ಲ. ದಿಲ್ಲಿ, ಲಖನೌಗಳ ನಿಹಾರಿ ರಾತ್ರಿಯಿಡೀ ಬೆಂದು ಬೆಳಿಗ್ಗೆ ತಟ್ಟೆಗೆ ಬರುತ್ತದೆ. ಹೈದರಾಬಾದಿನ ಹಲೀಮ್ ಭಟ್ಟಿಯ ಮೇಲೆ ತಾಸುಗಟ್ಟಲೆ ಕೂರುತ್ತದೆ. ಕರೆಂಟಿನ ಸ್ಲೋ ಕುಕ್ಕರೂ ಇದೇ ದಾರಿಯದು. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ 1940ರಲ್ಲಿ ಇಂಥ ಪಾತ್ರೆಗೆ ಪೇಟೆಂಟ್ ಪಡೆದರು. ಬೇಕರಿಯ ಭಟ್ಟಿಯಲ್ಲಿ ರಾತ್ರಿಯಿಡೀ ಬೇಯುತ್ತಿದ್ದ ತಮ್ಮ ಹಿರಿಯರ ಅಡುಗೆಯೇ ಅವರಿಗೆ ಸ್ಫೂರ್ತಿಯಾಗಿತ್ತು.

ಮನೆಯಲ್ಲಿ ಮಾಡುವ ಕ್ರಮ

ಇದಕ್ಕೆ ಯಂತ್ರವೇ ಬೇಕೆಂದಿಲ್ಲ. ದಪ್ಪ ತಳದ ಪಾತೇಲಿ ಸಾಕು.

ಎಲುಬುಸಹಿತ ದಸ್ತ 1 ಕಿಲೋ ತೆಗೆದುಕೊಳ್ಳಿ. ನಾಲ್ಕೈದು ದೊಡ್ಡ ತುಂಡು ಮಾಡಿಸಿ. ಎರಡು ಚಮಚ ಉಪ್ಪು, ಅರ್ಧ ಚಮಚ ಅರಿಶಿಣ, ಎರಡು ದೊಡ್ಡ ಚಮಚ ಶುಂಠಿ-ಬೆಳ್ಳುಳ್ಳಿ ಹಚ್ಚಿ ಒಂದು ತಾಸು ಫ್ರಿಜ್ಜಿನಲ್ಲಿ ಮುಚ್ಚಿಡಿ. ಮಾಂಸ ತೊಳೆಯುವುದಿದ್ದರೆ ಜೋರಾದ ನಳದ ಕೆಳಗೆ ಹಿಡಿಯಬೇಡಿ. ಹನಿಗಳು ಸಿಡಿದು ಪಕ್ಕದ ಪಾತ್ರೆ, ತರಕಾರಿಗಳನ್ನು ಹೊಲಸು ಮಾಡುತ್ತವೆ. ಬೋಗುಣಿಯಲ್ಲಿ ತೊಳೆದು, ಬೋಗುಣಿ, ಚಾಕು, ಮಣೆ, ಕೈ ಎಲ್ಲವನ್ನೂ ಸಾಬೂನಿನಿಂದ ತೊಳೆಯಿರಿ.

ಪಾತೇಲಿಯಲ್ಲಿ ಮೂರು ದೊಡ್ಡ ಚಮಚ ಎಣ್ಣೆ ಚೆನ್ನಾಗಿ ಕಾಯಲಿ. ಎರಡೆರಡೇ ತುಂಡು ಹಾಕಿ ಎಲ್ಲ ಬದಿ ಕಂದು ಬಣ್ಣಕ್ಕೆ ಬರುವವರೆಗೆ ಹುರಿದು ತೆಗೆಯಿರಿ. ರುಚಿ ಹುಟ್ಟುವುದು ಇಲ್ಲಿಯೇ. ಅದೇ ಎಣ್ಣೆಯಲ್ಲಿ ಮೂರು ಈರುಳ್ಳಿ, ನಾಲ್ಕು ಲವಂಗ, ಒಂದು ಚೂರು ದಾಲ್ಚಿನ್ನಿ, ಮೂರು ಏಲಕ್ಕಿ ಹುರಿಯಿರಿ. ಎರಡು ದೊಡ್ಡ ಚಮಚ ಕೊತ್ತಂಬರಿ ಪುಡಿ, ಒಂದು ದೊಡ್ಡ ಚಮಚ ಬ್ಯಾಡಗಿ ಮೆಣಸಿನ ಪುಡಿ, ಒಂದು ಚಮಚ ಕಾಳುಮೆಣಸು, ಕಡೆದ ಮೊಸರು ಮುಕ್ಕಾಲು ಬಟ್ಟಲು ಹಾಕಿ. ಮಾಂಸ ಮರಳಿ ಇಟ್ಟು ಎರಡು ಬಟ್ಟಲು ಬಿಸಿನೀರು ಹೊಯ್ಯಿರಿ.

ಮೊದಲು 10 ನಿಮಿಷ ಪೂರ್ತಿ ಕುದಿಯಲಿ. ಆಮೇಲೆ ಪಾತೇಲಿಯ ಕೆಳಗೆ ತವೆ ಇಟ್ಟು, ಮುಚ್ಚಳಕ್ಕೆ ಗೋಧಿ ಕಣಕ ಮೆತ್ತಿ, ಉರಿ ತೀರ ಸಣ್ಣ ಮಾಡಿ. ಎಳೆಯ ಮಾಂಸಕ್ಕೆ ಎರಡೂವರೆ ತಾಸು, ಬಲಿತದ್ದಕ್ಕೆ ಮೂರೂವರೆಯಿಂದ ನಾಲ್ಕು ತಾಸು ಬೇಕು. ಒಳಗೆ ಬಳಬಳ ಎಂಬ ಮೆಲ್ಲನೆಯ ಸದ್ದು ನಿಲ್ಲಬಾರದು. ಎಲುಬು ಹಿಡಿದು ಅಲ್ಲಾಡಿಸಿದರೆ ಮಾಂಸ ತಾನಾಗಿ ಕಳಚಿಕೊಳ್ಳಬೇಕು. ಇನ್ನೂ ಗಟ್ಟಿ ಎನಿಸಿದರೆ ಉರಿ ಹೆಚ್ಚಿಸಬೇಡಿ, ಇನ್ನರ್ಧ ತಾಸು ಬಿಡಿ.

ಸ್ಲೋ ಕುಕ್ಕರ್ ಇದ್ದವರಿಗೆ

ಹುರಿಯುವುದನ್ನೂ ಕುದಿಸುವುದನ್ನೂ ಗ್ಯಾಸಿನ ಮೇಲೆಯೇ ಮುಗಿಸಿ, ಬಿಸಿಯಾಗಿಯೇ ಕುಕ್ಕರಿಗೆ ಹಾಕಿ. ಆವಿ ಹೊರಹೋಗದ ಕಾರಣ ಒಂದು ಬಟ್ಟಲು ನೀರು ಸಾಕು. ಹೈ ಇಟ್ಟರೆ 4ರಿಂದ 5 ತಾಸು, ಲೋ ಇಟ್ಟರೆ 7ರಿಂದ 8 ತಾಸು. ಪಾತ್ರೆ ಅರ್ಧದಿಂದ ಮುಕ್ಕಾಲಿನೊಳಗೆ ತುಂಬಿರಲಿ. ಮೇಲಿಂದ ಮೇಲೆ ಮುಚ್ಚಳ ತೆಗೆದು ನೋಡಬೇಡಿ, ಪ್ರತಿ ಸಲವೂ ಬಿಸಿ ಇಳಿಯುತ್ತದೆ.

ಹೆಪ್ಪುಗಟ್ಟಿದ ಮಾಂಸವನ್ನು ನೇರವಾಗಿ ಹಾಕಬೇಡಿ. ಒಳಭಾಗ ಬಿಸಿಯಾಗುವಷ್ಟರಲ್ಲಿ ತಾಸುಗಟ್ಟಲೆ ಅದು ಉಗುರು ಬೆಚ್ಚಗೆ ಕೂತಿರುತ್ತದೆ. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಕರಗಲು ಇಡಿ. ರಾಜ್ಮಾ ಸೇರಿಸುವುದಿದ್ದರೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇರೆಯಾಗಿ ಪೂರ್ತಿ ಬೇಯಿಸಿಯೇ ಹಾಕಿ. ಅದರಲ್ಲಿರುವ ಒಂದು ನಂಜು ಜೋರು ಕುದಿತಕ್ಕೆ ಮಾತ್ರ ಅಳಿಯುತ್ತದೆ.

ಕರೆಂಟು ಹೋದಾಗ ನೀವು ಮನೆಯಲ್ಲಿದ್ದರೆ ಕೂಡಲೇ ಗ್ಯಾಸಿನ ಮೇಲಿಟ್ಟು ಬೇಯಿಸಿ ಮುಗಿಸಿ. ಅಡುಗೆ ಪೂರ್ತಿ ಬೆಂದ ಮೇಲೆ ಹೋಗಿದ್ದರೆ 2 ತಾಸಿನೊಳಗೆ ಉಂಡುಬಿಡಿ. ನೀವು ಹೊರಗಿದ್ದು, ಎಷ್ಟು ಹೊತ್ತು ಆರಿತ್ತೆಂದು ಗೊತ್ತಿಲ್ಲದಿದ್ದರೆ ಅದನ್ನು ತಿನ್ನಬೇಡಿ. ಮೂಸಿ ನೋಡಿದರೆ, ರುಚಿ ನೋಡಿದರೆ ಏನೂ ತಿಳಿಯುವುದಿಲ್ಲ.

ಅಪಾಯ ಇರುವುದು ಉಗುರು ಬೆಚ್ಚಗಿನಲ್ಲಿ

5ರಿಂದ 60 ಡಿಗ್ರಿಯ ನಡುವೆ ರೋಗಾಣುಗಳು ಬೆಳೆಯುತ್ತವೆ. ಮಾಂಸದ ಅಡುಗೆಯಲ್ಲಿ ಮುಖ್ಯವಾದದ್ದು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಕುದಿಸಿದಾಗ ರೋಗಾಣು ಸಾಯುತ್ತದೆ, ಆದರೆ ಅದರ ಬೀಜಕಣಗಳು ಬದುಕಿ ಉಳಿಯಬಲ್ಲವು. ಪಾತ್ರೆ ನಿಧಾನವಾಗಿ ಆರುವಾಗ ಅವು ಮೊಳೆತು ಬೇಗಬೇಗ ಹೆಚ್ಚುತ್ತವೆ. ದೊಡ್ಡ ದೇಗಿನ ಅಡುಗೆ ಉಂಡು 6ರಿಂದ 24 ತಾಸಿನೊಳಗೆ ಹತ್ತಾರು ಜನರಿಗೆ ಹೊಟ್ಟೆ ಮುರಿತ, ಭೇದಿ ಆಗುವುದರ ಹಿಂದೆ ಬಹಳ ಸಲ ಇದೇ ಇರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಅಡುಗೆಮನೆಯೇ ಆಗ ರೋಗಾಣುವಿನ ಹೊಲವಾಗುತ್ತದೆ.

ಉಳಿದದ್ದನ್ನು 2 ತಾಸಿನೊಳಗೆ ಅಗಲವಾದ ಸಣ್ಣ ಪಾತ್ರೆಗಳಿಗೆ ಹಾಕಿ ಫ್ರಿಜ್ಜಿಗೆ ಇಡಿ. ಮೂರು ಬೆರಳಿಗಿಂತ ಆಳ ಬೇಡ. ಪಾತೇಲಿಯನ್ನೇ ಒಳಗಿಟ್ಟರೆ ನಡುಭಾಗ ತಣ್ಣಗಾಗಲು ರಾತ್ರಿಯಿಡೀ ಬೇಕು. ಮೂರು ದಿನದೊಳಗೆ ಬಳಸಿ. ಬೇಕಾದಷ್ಟನ್ನೇ ತೆಗೆದು ಒಂದೇ ಸಲ ಕಳಕಳ ಕುದಿಸಿ ಉಣ್ಣಿ. ಬೆಚ್ಚಗೆ ಮಾಡಿದರೆ ಸಾಲದು. ಫ್ರಿಜ್ಜಿಲ್ಲದ ಮನೆಯಲ್ಲಿ ಒಂದು ಊಟಕ್ಕಾಗುವಷ್ಟೇ ಮಾಡಿ, ಹೆಚ್ಚಾದರೆ ಬಿಸಿಯಿರುವಾಗಲೇ ನೆರೆಮನೆಗೆ ಕೊಡಿ. ಸಾರು ಮಾಡುವಾಗ ನೆರೆಯವರನ್ನು ನೆನೆಯಲು ಪ್ರವಾದಿ(ಸ) ಅವರು ಕಲಿಸಿದ್ದು ನಮಗೆ ಗೊತ್ತೇ ಇದೆ.

ಯಾರಿಗೆ ಎಷ್ಟು?

ಯುನಾನಿಯಲ್ಲಿ ಆಹಾರವೂ ಒಂದು ಚಿಕಿತ್ಸೆ, ಅದನ್ನು ಇಲಾಜ್ ಬಿಲ್ ಗಿಜಾ ಎನ್ನುತ್ತೇವೆ. ಜಡ್ಡಿನಿಂದ ಎದ್ದವರಿಗೆ ಹಕೀಮರು ಯಖ್ನಿ ಹೇಳುವುದು ಅದು ಹಗುರ ಎಂಬ ಕಾರಣಕ್ಕೆ. ಮಾಂಸದ ಗರಮ್ ಗುಣವನ್ನು ತಗ್ಗಿಸಲು ಹಾಲುಗುಂಬಳ, ಕೊತ್ತಂಬರಿ, ಮೊಸರು ಸೇರಿಸುವ ರೂಢಿಯೂ ಹಳೆಯದು. ತರಕಾರಿ ಸೇರಿದಷ್ಟೂ ಮಾಂಸ ಕಡಿಮೆ ಸಾಕಾಗುತ್ತದೆ.

ಹಲ್ಲಿಲ್ಲದ ಹಿರಿಯರಿಗೆ ಎಲುಬು ತೆಗೆದು, ಎಳೆ ಬಿಡಿಸಿ, ಸಾರಿನಲ್ಲಿ ನೆನೆದ ರೊಟ್ಟಿಯೊಡನೆ ಕೊಡಿ. ಎಲುಬಿನ ಚೂರು ಉಳಿದಿಲ್ಲವೆಂದು ಬೆರಳಿನಿಂದ ಮುಟ್ಟಿ ನೋಡಿ. ಬಿಪಿ ಇದ್ದವರಿಗೆ ಉಪ್ಪು ಕಡಿಮೆ ಮಾಡಿ. ಹೃದಯದ ತೊಂದರೆ ಇದ್ದವರಿಗೆ, ಸಾರು ಫ್ರಿಜ್ಜಿನಲ್ಲಿ ಆರಿದ ಮೇಲೆ ಮೇಲ್ಗಡೆ ಗಟ್ಟಿಯಾಗುವ ಕೊಬ್ಬನ್ನು ತೆಗೆದುಹಾಕಿ ಕೊಡಿ. ನಿಕ್ರಿಸ್ ಅಂದರೆ ಯೂರಿಕ್ ಆಮ್ಲದ ಕೀಲುನೋವು, ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿಯೇ ತಿನ್ನಲಿ. ಪಾಯಾ ಕುಡಿದರೆ ಮೊಣಕಾಲು ನೋವು ಹೋಗುತ್ತದೆಂದು ನಂಬಿ ಔಷಧ ಬಿಡಬೇಡಿ.

ಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ ಒಂದು ಓಆರ್‌ಎಸ್ ಪೊಟ್ಟಣ ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಮಲದಲ್ಲಿ ರಕ್ತ, ಜ್ವರ, ಮೂತ್ರ ಕಡಿಮೆಯಾಗುವುದು, ವಿಪರೀತ ನಿಶ್ಶಕ್ತಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಕ್ಕಳು, ವೃದ್ಧರು, ಬಸುರಿಯರಾದರೆ ಇಷ್ಟಕ್ಕೂ ಕಾಯಬೇಡಿ.

ಆ ಖಾಲಾ ಕೇಳಿದ ಪ್ರಶ್ನೆಗೆ ಬರೋಣ. ಫತ್ವಾ ಹೇಳುವವನು ನಾನಲ್ಲ. ವೈದ್ಯನಾಗಿ ಅವರಿಗೆ ಹೇಳಿದ್ದು ಇಷ್ಟೆ: “ಖಾಲಾ, ಅನ್ನ ಅಲ್ಲಾಹನ ಅಮಾನತ್ತು, ಹಾಗೇ ದೇಹವೂ ಅಮಾನತ್ತು. ಕೆಟ್ಟಿದೆಯೋ ಎಂಬ ಅನುಮಾನವಿದ್ದರೆ ಚೆಲ್ಲಿರಿ. ಮುಂದಿನ ಸಲ ಕಡಿಮೆ ಮಾಡಿರಿ, ಒಲೆಯ ಹತ್ತಿರ ಇರ್ರಿ.”

ಈಗ ಅವರು ಕುಕ್ಕರ್ ಹಚ್ಚುವುದು ಮನೆಯಲ್ಲಿದ್ದ ದಿನ ಮಾತ್ರ. ಯಜಮಾನರು ಎರಡು ತಿಂಗಳ ಬಳಿಕ ಬಿಪಿ ತೋರಿಸಲು ಬಂದಾಗ, ಹಿಂದಿನ ದಿನ ಮಾಂಸ ತಿಂದು ಚೆನ್ನಾಗಿ ನಿದ್ದೆ ಮಾಡಿದ್ದಾಗಿ ಹೇಳಿ ನಕ್ಕರು.